ಕರೆಂಟ್ ಹೋದ ಮೇಲಿನ ಕಾದಂಬರಿ: ಗ್ರಿಡ್ ಕುಸಿತದ ಥ್ರಿಲ್ಲರ್ ಬರೆಯುವವರಿಗೆ ಹಂತ ಹಂತದ ಕೈಪಿಡಿ

ನಾಡಿಗೆ ನಾಡೇ ಕತ್ತಲಾಗುವ ಕತೆ ಬರೆಯಲು ಹೊರಟವರು ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೇ ಅಧ್ಯಾಯದಲ್ಲಿ ಕರೆಂಟ್ ಹೋದ ಗಳಿಗೆಗೇ ಎಲ್ಲವೂ ಒಟ್ಟಿಗೆ ನಿಂತುಬಿಡುತ್ತದೆ. ಕೊನೆಯ ಅಧ್ಯಾಯದಲ್ಲಿ ಯಾರೋ ಒಂದು ಸ್ವಿಚ್ ಹಾಕುತ್ತಾರೆ, ಊರೆಲ್ಲ ಝಗ್ಗನೆ ಬೆಳಗುತ್ತದೆ. ವಾಸ್ತವದಲ್ಲಿ ಒಂದೊಂದೂ ಅದರದರ ಬ್ಯಾಟರಿ, ಡೀಸೆಲ್, ತೊಟ್ಟಿ ನೀರು ಮುಗಿದ ಹಾಗೆ ಸರದಿಯಲ್ಲಿ ನಿಲ್ಲುತ್ತದೆ. ಗ್ರಿಡ್ಡನ್ನು ಮತ್ತೆ ಎಬ್ಬಿಸುವ ಕೆಲಸವಂತೂ ಬಿದ್ದದ್ದಕ್ಕಿಂತ ಎಷ್ಟೋ ಪಟ್ಟು ಕಷ್ಟ. ಕತೆಗೆ ಬೇಕಾದ ಬಿಗಿ ಈ ಎರಡರಲ್ಲೇ ಇದೆ. ಈ ಕೈಪಿಡಿಯ ಹೆಚ್ಚು ಜಾಗವೂ ಅವಕ್ಕೇ.

ಹಂತ 1: ಕಾರಣವನ್ನು ಮೊದಲು ಗಟ್ಟಿ ಮಾಡಿಕೊಳ್ಳಿ

ಎಷ್ಟು ದಿನ ಕತ್ತಲೆ ಎನ್ನುವುದನ್ನು ಕಾರಣವೇ ತೀರ್ಮಾನಿಸುತ್ತದೆ. ಇದನ್ನು ಬಿಟ್ಟು ಮುಂದೆ ಹೋದರೆ, ಹತ್ತನೇ ಅಧ್ಯಾಯದ ಹೊತ್ತಿಗೆ 'ಇಷ್ಟರಲ್ಲಿ ಕರೆಂಟ್ ಬರಬೇಕಿತ್ತಲ್ಲ' ಎಂದು ಓದುಗರೇ ಕೇಳುತ್ತಾರೆ.

ಅಭ್ಯಾಸಕ್ಕೆ ನಮ್ಮ ದೇಶದ್ದೇ ಘಟನೆ ಇದೆ. 2012ರ ಜುಲೈ 30ರ ನಸುಕಿನ 2:33ಕ್ಕೆ ಬೀನಾ–ಗ್ವಾಲಿಯರ್ 400 ಕೆವಿ ಲೈನ್ ಟ್ರಿಪ್ ಆಗಿ ಉತ್ತರದ ಗ್ರಿಡ್ ಕುಸಿಯಿತು. ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದವು. ಸುಮಾರು 60 ಕೋಟಿ ಜನರ ಪ್ರದೇಶ ಅದು. ಗಮನಿಸಬೇಕಾದ್ದು ಏನೆಂದರೆ, ಅಂದು ಯಾವ ತಂತಿಯೂ ಹರಿದಿರಲಿಲ್ಲ. ಲೈನ್ ಮೇಲೆ ಬಿದ್ದಿದ್ದ ಅತಿ ಹೊರೆಯನ್ನೇ ರಿಲೇ (ಲೈನನ್ನು ಕಾಯುವ ಸಾಧನ) ದೋಷವೆಂದು ತಿಳಿದು ಬ್ರೇಕರ್ (ಲೈನನ್ನು ಕಳಚುವ ದೊಡ್ಡ ಸ್ವಿಚ್) ತೆರೆಯಿತು. ಆ ಹೊರೆ ಪಕ್ಕದ ಲೈನಿಗೆ ಹೋಯಿತು, ಅದೂ ಟ್ರಿಪ್ ಆಯಿತು. ಬಾಂಬು, ಬಿರುಗಾಳಿ ಯಾವುದೂ ಬೇಕಾಗಲಿಲ್ಲ.

ಆದರೆ ಆ ಎರಡೂ ದಿನ ಕರ್ನಾಟಕದಲ್ಲಿ ದೀಪ ಉರಿಯುತ್ತಿತ್ತು. ಆಗ ದಕ್ಷಿಣದ ಗ್ರಿಡ್ ಉಳಿದ ದೇಶಕ್ಕೆ ಡಿಸಿ (ಏಕಮುಖ ವಿದ್ಯುತ್) ಕೊಂಡಿಗಳಿಂದಷ್ಟೇ ಸೇರಿತ್ತು. ಅತ್ತಲಿನ ಫ್ರೀಕ್ವೆನ್ಸಿಯ (ಎಸಿ ಕರೆಂಟ್ ಸೆಕೆಂಡಿಗೆ ಹಾಕುವ ಆವರ್ತಗಳ ಸಂಖ್ಯೆಯ) ಏರುಪೇರು ಇತ್ತ ದಾಟುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಜೋಡಣೆಯಾದ ಮೇಲೆ ಇಡೀ ದೇಶ ಒಂದೇ ಫ್ರೀಕ್ವೆನ್ಸಿಯಲ್ಲಿ ಓಡುತ್ತಿದೆ. ಹಾಗಾಗಿ 2012ರ ಬೆಂಗಳೂರನ್ನು ಕತ್ತಲು ಮಾಡಿದರೆ ತಪ್ಪಾಗುತ್ತದೆ. 2014ರ ನಂತರದ ಬೆಂಗಳೂರನ್ನು ಗ್ವಾಲಿಯರ್‌ನಿಂದ ಶುರುವಾಗುವ ಕುಸಿತದಲ್ಲಿ ಕತ್ತಲು ಮಾಡಬಹುದು.

ಕಾರಣಗಳ ಆಯಸ್ಸು ಹೀಗಿದೆ. ಬರಿ ಸರಣಿ ಟ್ರಿಪ್ ಆದರೆ ಕೆಲವು ಗಂಟೆಯಿಂದ ಒಂದು ದಿನ. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್, ಪೋರ್ಚುಗಲ್ ಎರಡೂ ಪೂರ್ತಿ ಆರಿ, ಮರುದಿನ ಬೆಳಗಿನ ಹೊತ್ತಿಗೆ ಬಹುತೇಕ ಮರಳಿ ಬಂದವು. ಸೈಬರ್ ದಾಳಿಯೂ ತಾನಾಗಿ ವಾರಗಟ್ಟಲೆ ಎಳೆಯುವುದಿಲ್ಲ. 2015ರ ಡಿಸೆಂಬರ್ 23ರಂದು ಉಕ್ರೇನಿನಲ್ಲಿ ದಾಳಿಕೋರರು ದೂರದಿಂದಲೇ ಬ್ರೇಕರ್ ತೆರೆದು ಸುಮಾರು ಎರಡೂಕಾಲು ಲಕ್ಷ ಗ್ರಾಹಕರ ಕರೆಂಟ್ ತೆಗೆದರು. ಆಪರೇಟರ್‌ಗಳ ಕಣ್ಣೆದುರೇ ಪರದೆಯ ಮೇಲಿನ ಮೌಸ್ ಬಾಣ ತಾನಾಗಿ ಓಡಾಡುತ್ತಿತ್ತು. ದೂರು ಕೇಳುವ ಫೋನ್ ಲೈನುಗಳನ್ನೂ ಸುಳ್ಳು ಕರೆಗಳಿಂದ ತುಂಬಿಸಿದ್ದರು. ಆದರೂ ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿದರು. ಕೆಲವೇ ಗಂಟೆಗಳಲ್ಲಿ ಕರೆಂಟ್ ಬಂತು.

ಸೌರ ಚಂಡಮಾರುತ ಬರವಣಿಗೆಗೆ ಚೆಂದ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಗ್ರಿಡ್ ಸುಮಾರು 90 ಸೆಕೆಂಡುಗಳಲ್ಲಿ ಬಿದ್ದದ್ದು ಅದರಿಂದಲೇ. ಆದರೆ ಅದರ ಪೆಟ್ಟು ಹೆಚ್ಚಾಗಿ ಧ್ರುವಗಳ ಕಡೆಯ ಉದ್ದುದ್ದ ಲೈನುಗಳಿಗೆ. ಕರ್ನಾಟಕದ ಕತೆಗೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಹತ್ತು ದಿನ ಎಳೆಯಬೇಕೆಂದರೆ ಎರಡು ಕಾರಣಗಳನ್ನು ಹೆಣೆಯಿರಿ: ಮೊದಲು ಸರಣಿ ಕುಸಿತ, ಆಮೇಲೆ ಎಬ್ಬಿಸುವಾಗ ಆಗುವ ಅನಾಹುತದಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳು ಸುಡುವುದು. 400/220 ಕೆವಿಯ 315 ಎಂವಿಎ ಟ್ರಾನ್ಸ್‌ಫಾರ್ಮರ್ ಎಂದರೆ ಎಣ್ಣೆ ಸೇರಿ 200 ಟನ್ನಿನ ಆಸುಪಾಸು. ಊರಲ್ಲಿ 'ಟಿಸಿ ಸುಟ್ಟೋಯ್ತು' ಎಂದು ಹೇಳಿ ಮರುದಿನ ಬದಲಿಸುವ ವಸ್ತು ಅದಲ್ಲ. ಅಂಗಡಿಯಲ್ಲಿ ಸಿಗದು, ಹೊಸದಕ್ಕೆ ಆರ್ಡರ್ ಕೊಟ್ಟರೆ ವರ್ಷ ಹಿಡಿಯಬಹುದು. ಬೇರೆ ಕಡೆಯ ಬದಲಿ ಟ್ರಾನ್ಸ್‌ಫಾರ್ಮರ್ ತರುವುದಾದರೆ ಸಾಲು ಚಕ್ರಗಳ ಟ್ರೈಲರ್ ಮೇಲೆ ನಡಿಗೆಯ ವೇಗದಲ್ಲಿ, ದಾರಿಯ ಒಂದೊಂದು ಸೇತುವೆ ಈ ಭಾರ ತಡೆಯುತ್ತದೋ ಎಂದು ಪರೀಕ್ಷಿಸುತ್ತ ತರಬೇಕು. ಈ ಪಯಣವೊಂದೇ ಮೂರು ಅಧ್ಯಾಯಕ್ಕೆ ಸಾಕು.

ಹಂತ 2: ಮೊದಲ ಎರಡು ನಿಮಿಷಗಳನ್ನು ಫ್ರೀಕ್ವೆನ್ಸಿಯಲ್ಲಿ ಬರೆಯಿರಿ

ನಮ್ಮಲ್ಲಿ ಫ್ರೀಕ್ವೆನ್ಸಿ 50 ಹರ್ಟ್ಸ್, 49.90ರಿಂದ 50.05ರೊಳಗೆ ಇರಬೇಕೆಂಬುದು ನಿಯಮ. ಬೇಡಿಕೆ ಹೆಚ್ಚಿ ಉತ್ಪಾದನೆ ಕಡಿಮೆಯಾದರೆ ಇಳಿಯುತ್ತದೆ, ತಿರುಗುಮುರುಗಾದರೆ ಏರುತ್ತದೆ. ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಸದಾ ಕಾಣುವ ಅಂಕಿ ಇದು. ಕುಸಿತದ ದೃಶ್ಯಕ್ಕೆ ಬೇಕಾದ ಗಡಿಯಾರವೂ ಇದೇ.

49ರ ಆಸುಪಾಸಿಗೆ ಇಳಿದಾಗ ರಿಲೇಗಳು ಯಾರನ್ನೂ ಕೇಳದೆ ಫೀಡರ್‌ಗಳನ್ನು (ಊರು, ಬಡಾವಣೆಗೆ ಕರೆಂಟ್ ಒಯ್ಯುವ ಲೈನುಗಳನ್ನು) ಗುಂಪುಗುಂಪಾಗಿ ಕತ್ತರಿಸುತ್ತವೆ. ಒಂದಷ್ಟು ಊರು ಆರಿಸಿ ಉಳಿದದ್ದನ್ನು ಉಳಿಸಿಕೊಳ್ಳುವ ಲೆಕ್ಕ ಅದು. ಅದಕ್ಕೂ ನಿಲ್ಲದೆ 47.5ರ ಹತ್ತಿರ ಬಂದರೆ ಥರ್ಮಲ್ ಯೂನಿಟ್‌ಗಳು ತಮ್ಮ ಟರ್ಬೈನ್ ಬ್ಲೇಡ್ ಕಾಪಾಡಿಕೊಳ್ಳಲು ತಾವೇ ಕಳಚಿಕೊಳ್ಳುತ್ತವೆ. ಅಲ್ಲಿಂದಾಚೆ ತಡೆಯುವವರಿಲ್ಲ. ಈ ಇಳಿತಕ್ಕೆ ಕೆಲವು ಸೆಕೆಂಡೂ ಸಾಕು, ಕೆಲವು ನಿಮಿಷವೂ ಆಗಬಹುದು. 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸ್ ಗ್ರಿಡ್ ಪೂರ್ತಿ ಬೀಳಲು ಉಳಿದಿದ್ದು 4 ನಿಮಿಷ 37 ಸೆಕೆಂಡು ಮಾತ್ರ.

ಮನೆಯೊಳಗಿನ ದೃಶ್ಯಕ್ಕೆ ಒಂದು ಎಚ್ಚರಿಕೆ. 'ದೀಪಗಳು ಮಂಕಾಗುತ್ತ ಮಂಕಾಗುತ್ತ ಆರಿದವು' ಎಂಬ ವಾಕ್ಯ ಬುರುಡೆ ಬಲ್ಬಿನ ಕಾಲಕ್ಕೆ ಸರಿ. ಎಲ್‌ಇಡಿ ಬಲ್ಬು ವೋಲ್ಟೇಜ್ ಬಿದ್ದರೂ ಬಹಳ ಹೊತ್ತು ಒಂದೇ ಬೆಳಕು ಕೊಟ್ಟು, ತಡೆಯಲಾಗದಾಗ ಪಟ್ಟನೆ ಹೋಗುತ್ತದೆ. ಮೊದಲು ಸುಳಿವು ಕೊಡುವುದು ಫ್ಯಾನು, ಮಿಕ್ಸಿ, ಮೋಟಾರಿನ ದನಿ.

ಥರ್ಮಲ್ ಸ್ಥಾವರದ ಒಳಗೆ ದೃಶ್ಯವಿಟ್ಟರೆ ಇನ್ನೂ ಒಳ್ಳೆಯದು. ಯೂನಿಟ್ ಟ್ರಿಪ್ ಆದ ಕ್ಷಣ ಬಾಯ್ಲರಿನ ಸೇಫ್ಟಿ ವಾಲ್ವ್‌ಗಳು ತೆರೆದು ಆವಿ ಹೊರನುಗ್ಗುವ ಆರ್ಭಟ ಊರಾಚೆಗೂ ಕೇಳುತ್ತದೆ. ರಾಯಚೂರು ಥರ್ಮಲ್ ಸ್ಥಾವರವಿರುವ ಶಕ್ತಿನಗರದ ಮನೆಗಳಲ್ಲಿ ಮಲಗಿದ್ದವರು ಎದ್ದು ಕೂರುತ್ತಾರೆ. ಒಳಗೆ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದ ರೋಟರ್ ನಿಲ್ಲಲು ಅರ್ಧ ಗಂಟೆಯ ಹತ್ತಿರ ಬೇಕು. ಅಷ್ಟೂ ಹೊತ್ತು ಬೇರಿಂಗುಗಳಿಗೆ ಎಣ್ಣೆ ಹೋಗಲೇಬೇಕು, ಮತ್ತು ಎಸಿ ಪಂಪುಗಳೆಲ್ಲ ಸತ್ತಿರುವಾಗ ಆ ಎಣ್ಣೆ ಬರುವುದು 220 ವೋಲ್ಟಿನ ಸ್ಟೇಷನ್ ಬ್ಯಾಟರಿಯ ಡಿಸಿ ಪಂಪಿನಿಂದ. ಅದು ಶುರುವಾಗದಿದ್ದರೆ ಬೇರಿಂಗ್ ಸುಟ್ಟು ಯೂನಿಟ್ ತಿಂಗಳುಗಟ್ಟಲೆ ಮಲಗುತ್ತದೆ. ರೋಟರ್ ನಿಂತ ಮೇಲೂ ಬಿಡುವಂತಿಲ್ಲ. ಬಿಸಿ ರೋಟರನ್ನು ಬ್ಯಾರಿಂಗ್ ಗೇರಿನಿಂದ ಮೆಲ್ಲಗೆ ತಿರುಗಿಸುತ್ತಲೇ ಇರಬೇಕು. ಇಲ್ಲವಾದರೆ ತನ್ನ ತೂಕಕ್ಕೆ ತಾನೇ ಬಾಗುತ್ತದೆ.

ಕೈಗಾ ಕತೆಯಲ್ಲಿ ಬಂದರೆ, ಅಲ್ಲಿಯ ರಿಯಾಕ್ಟರ್ ನಿಂತ ಕೂಡಲೇ ತಣ್ಣಗಾಗುವುದಿಲ್ಲ. ಆರಂಭದಲ್ಲಿ ಪೂರ್ಣ ಶಾಖದ ಶೇಕಡಾ 6–7ರಷ್ಟು ಉಳಿದು, ಗಂಟೆಗಳು ಕಳೆದಂತೆ ಒಂದಕ್ಕೆ ಇಳಿಯುತ್ತದೆ. ತಣ್ಣಗಿಡಲು ಡೀಸೆಲ್ ಜನರೇಟರ್‌ಗಳಿವೆ. ಇನ್ನೊಂದು ವಿಷಯ ಬರಹಗಾರರಿಗೆ ಗೊತ್ತಿರುವುದೇ ಅಪರೂಪ: ಹೀಗೆ ಹಠಾತ್ ನಿಂತ ರಿಯಾಕ್ಟರನ್ನು ಅರ್ಧ ಗಂಟೆ, ಮುಕ್ಕಾಲು ಗಂಟೆಯೊಳಗೆ ಮತ್ತೆ ಏರಿಸಲಾಗದಿದ್ದರೆ ಒಳಗೆ ಕೂಡುವ ಕ್ಸೆನಾನ್ ಅನಿಲ ಪರಮಾಣು ಕ್ರಿಯೆಯನ್ನು ತಡೆಯುತ್ತದೆ. ಆಮೇಲೆ ಸುಮಾರು ಒಂದೂವರೆ ದಿನ ಕಾಯುವುದೊಂದೇ ದಾರಿ.

ಹಂತ 3: ಯಾವುದು ಯಾವಾಗ ಮುಗಿಯುತ್ತದೆ, ಪಟ್ಟಿ ಹಾಕಿ

ಒಂದು ಹಾಳೆಯಲ್ಲಿ ಎಡಕ್ಕೆ ಗಂಟೆ, ಬಲಕ್ಕೆ ಆ ಗಂಟೆಗೆ ನಿಲ್ಲುವ ವಸ್ತು. ಕತೆಯ ಬೆನ್ನೆಲುಬು ಇದೇ.

ಮನೆಯ ಇನ್ವರ್ಟರ್: 150 ಎಎಚ್, 12 ವೋಲ್ಟ್ ಬ್ಯಾಟರಿ ಎಂದರೆ ಕಾಗದದ ಮೇಲೆ 1,800 ವ್ಯಾಟ್–ಅವರ್. ನಷ್ಟ ಕಳೆದು ಕೈಗೆ ಸಿಗುವುದು 1,200–1,300. ತಲಾ 75 ವ್ಯಾಟಿನ ಎರಡು ಫ್ಯಾನು, ನಾಲ್ಕು ಬಲ್ಬು ಹಾಕಿದರೆ ಆರೂವರೆ ಗಂಟೆ. ಡಿಸ್ಟಿಲ್ಡ್ ನೀರು ಕಾಣದ ನಾಲ್ಕು ವರ್ಷದ ಬ್ಯಾಟರಿಯಾದರೆ ಅದರ ಅರ್ಧವೂ ಕಷ್ಟ.

ಲಿಫ್ಟ್: ಎಆರ್‌ಡಿ (ಕರೆಂಟ್ ಹೋದಾಗ ಲಿಫ್ಟನ್ನು ಬ್ಯಾಟರಿಯಿಂದ ಓಡಿಸುವ ಸಾಧನ) ಇದ್ದರೆ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುತ್ತದೆ. ಆ ಬ್ಯಾಟರಿ ಕೆಟ್ಟಿರುವ ಅಪಾರ್ಟ್‌ಮೆಂಟನ್ನು ಆರಿಸಿಕೊಳ್ಳಿ.

ಮೊಬೈಲ್: ಟವರುಗಳಲ್ಲಿ ಕೆಲವು ಗಂಟೆಯ ಬ್ಯಾಟರಿ ಇರುತ್ತದೆ. ಜನರೇಟರ್ ಇರುವ ಟವರು ಡೀಸೆಲ್ ಇರುವ ತನಕ. ಊರೊಳಗಿನ ಕಟ್ಟಡದ ತಾರಸಿ ಟವರಿಗೆ ಎಷ್ಟೋ ಕಡೆ ಜನರೇಟರೇ ಇರದು. ಆದ್ದರಿಂದ ಸಿಗ್ನಲ್ ಒಮ್ಮೆಲೇ ಹೋಗದೆ ಅಲ್ಲಲ್ಲಿ ತೂತು ಬೀಳುತ್ತ ಹೋಗುತ್ತದೆ. ಪಾತ್ರಗಳು ತಾರಸಿ ಹತ್ತಿ, ಗುಡ್ಡ ಹತ್ತಿ ಒಂದು ಕಡ್ಡಿ ಸಿಗ್ನಲ್ ಹುಡುಕಬಹುದು. ಯುಪಿಐ ನಿಲ್ಲುವುದೂ ಇದರ ಜೊತೆಗೇ. ಕಾಸು ಇಟ್ಟುಕೊಳ್ಳದ ಬೆಂಗಳೂರು ಮೊದಲ ರಾತ್ರಿಯೇ ಕೈಸಾಲಕ್ಕೆ ಇಳಿಯುತ್ತದೆ.

ನೀರು: ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ಹಂತ ಹಂತವಾಗಿ ಪಂಪ್ ಆಗಿ. ತೊರೆಕಾಡನಹಳ್ಳಿಯ ಪಂಪು ನಿಂತರೆ ಊರಿನ ಜಲಾಗಾರಗಳಲ್ಲಿ ಇದ್ದಷ್ಟೇ ನೀರು. ಮನೆಯ ಸಂಪು ತುಂಬಿದ್ದರೂ ಮೇಲಿನ ಟ್ಯಾಂಕಿಗೆ ಏರಿಸಲು ಮೋಟಾರಿಲ್ಲ. ಆಗ ಕೊಡಕ್ಕೆ ಹಗ್ಗ ಕಟ್ಟಿ ಸಂಪಿನಿಂದ ಸೇದುವುದೇ ಗತಿ. ಕೊಳಚೆಯನ್ನು ಬಹಳ ಜನ ಮರೆಯುತ್ತಾರೆ: ಅಪಾರ್ಟ್‌ಮೆಂಟಿನ ಎಸ್‌ಟಿಪಿಯ (ಕೊಳಚೆ ಶುದ್ಧೀಕರಣ ಘಟಕದ) ಬ್ಲೋವರ್ ನಿಂತ ಮರುದಿನಕ್ಕೇ ವಾಸನೆ ಏಳುತ್ತದೆ, ಆಮೇಲೆ ನೆಲಮಾಳಿಗೆಗೆ ಉಕ್ಕುತ್ತದೆ.

ಆಸ್ಪತ್ರೆ: ಕತ್ತಲೆ ಆದೊಡನೆ ರೋಗಿಗಳು ಸಾಯುವ ದೃಶ್ಯ ಬೇಡ. ವೆಂಟಿಲೇಟರ್‌ಗೆ ಒಳಗೇ ಬ್ಯಾಟರಿ ಇದೆ, ಅಷ್ಟರಲ್ಲಿ ಜನರೇಟರ್ ಎದ್ದಿರುತ್ತದೆ. 250 ಕೆವಿಎ ಜನರೇಟರ್ ಮುಕ್ಕಾಲು ಹೊರೆಯಲ್ಲಿ ಗಂಟೆಗೆ 40 ಲೀಟರ್ ಆಸುಪಾಸು ಡೀಸೆಲ್ ಕುಡಿಯುತ್ತದೆ. ಸಾವಿರ ಲೀಟರ್ ಒಂದು ದಿನದ ಮಾತು. ಬಂಕಿನಲ್ಲಿ ಡೀಸೆಲ್ ನೆಲದಡಿಯ ತೊಟ್ಟಿಯಲ್ಲಿದೆ, ಮೇಲೆತ್ತುವ ಪಂಪಿಗೂ ಕರೆಂಟೇ ಬೇಕು. ಕತೆಗೆ ನಿಜವಾದ ಇಕ್ಕಟ್ಟು ಡಯಾಲಿಸಿಸ್ ವಾರ್ಡಿನಲ್ಲಿದೆ. ನಾಲ್ಕು ಗಂಟೆಯ ಒಂದು ಸರದಿಗೆ ಶುದ್ಧ ನೀರೇ 120 ಲೀಟರ್ ಬೇಕು, ರೋಗಿ ವಾರಕ್ಕೆ ಎರಡು ಮೂರು ಸಲ ಬರಲೇಬೇಕು. ಮೂರನೇ ದಿನ ಯಾರ ಸರದಿ ಮೊದಲು ಎಂದು ತೀರ್ಮಾನಿಸುವ ವೈದ್ಯೆಯ ಅಧ್ಯಾಯಕ್ಕೆ ಖಳನಾಯಕ ಬೇಕಿಲ್ಲ.

ಹಳ್ಳಿ: ನಗರದವರು ಬರೆದರೆ ಹಳ್ಳಿ ಆರಾಮವಾಗಿರುತ್ತದೆ. ಅದು ಸುಳ್ಳು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೀರೆಲ್ಲ ನೂರಾರು ಅಡಿ ಆಳದ ಕೊಳವೆಬಾವಿಯಲ್ಲಿ. ತ್ರೀ ಫೇಸ್ ಇಲ್ಲದೆ ದನಕ್ಕೂ ನೀರಿಲ್ಲ. ಹಸುವನ್ನು ದಿನಕ್ಕೆ ಎರಡು ಹೊತ್ತು ಕರೆಯಲೇಬೇಕು, ಕರೆದ ಹಾಲನ್ನು ಬೇಸಿಗೆಯಲ್ಲಿ ನಾಲ್ಕೈದು ಗಂಟೆಯೊಳಗೆ ತಣಿಸದಿದ್ದರೆ ಒಡೆಯುತ್ತದೆ. ಡೇರಿಯ ಕೂಲರ್ ನಿಂತರೆ ಊರಿನ ಹಾಲೆಲ್ಲ ಚರಂಡಿಗೆ. ಕಲಬುರಗಿಯ ಕಡೆ ಮೂಟೆಗಟ್ಟಲೆ ಜೋಳ ಇರುತ್ತದೆ, ಗಿರಣಿ ಇಲ್ಲ. ಬೀಸುವ ಕಲ್ಲು ಎಷ್ಟು ಮನೆಯಲ್ಲಿ ಉಳಿದಿದೆ? ಉಳಿದಿದ್ದರೂ ಗೂಟ ಇದೆಯೇ, ಬೀಸಬಲ್ಲ ಕೈ ಇದೆಯೇ? ಇಡೀ ಓಣಿಯಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಷ್ಟೇ ಅದು ಇರಲಿ, ಉಳಿದದ್ದು ತಾನಾಗಿ ಬರೆಸಿಕೊಳ್ಳುತ್ತದೆ.

ಸಬ್‌ಸ್ಟೇಷನ್ ಬ್ಯಾಟರಿ: ಇದು ಪಟ್ಟಿಯ ರಾಜ. ಬ್ರೇಕರ್ ತೆರೆಯಲು, ಹಾಕಲು, ರಿಲೇ ಎಚ್ಚರವಿರಲು, ಪ್ಯಾನೆಲ್ ಕಾಣಲು ಎಲ್ಲಕ್ಕೂ ಡಿಸಿ ಬೇಕು. ಎರಡು ವೋಲ್ಟಿನ 110 ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 220 ವೋಲ್ಟ್. ಚಾರ್ಜರ್‌ಗೆ ಎಸಿ ಬರದಿದ್ದರೆ ಇವು ಎಂಟು ಹತ್ತು ಗಂಟೆ ಬಾಳಬಹುದು. ಬೇಡದ ದೀಪಗಳನ್ನು ಆರಿಸದೆ ಬಿಟ್ಟರೆ ಇನ್ನೂ ಬೇಗ ಬರಿದು. ಬರಿದಾದ ಮೇಲೆ ಲೈನಿನಲ್ಲಿ ಕರೆಂಟ್ ಬಂದರೂ ಒಳಗೆ ತೆಗೆದುಕೊಳ್ಳಲಾಗದು. ಬ್ರೇಕರಿನ ಸ್ಪ್ರಿಂಗನ್ನು ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಿ ಹಾಕಬಹುದು, ನಿಜ. ಆದರೆ ರಿಲೇ ಸತ್ತಿರುವಾಗ ಹಾಗೆ ಹಾಕಿ, ಮುಂದೆ ಎಲ್ಲೋ ದೋಷವಿದ್ದರೆ ತೆರೆಯುವವರೇ ಇಲ್ಲ. ಹಂತ 1ರಲ್ಲಿ ಹೇಳಿದ 200 ಟನ್ನಿನ ಟ್ರಾನ್ಸ್‌ಫಾರ್ಮರ್ ಸುಡುವುದು ಹೀಗೆ. ಆ ಹ್ಯಾಂಡಲ್ ಯಾರ ಕೈಯಲ್ಲಿದೆ, ಫೋನಿನಲ್ಲಿ ಒತ್ತಡ ಹಾಕುತ್ತಿರುವವರು ಯಾರು ಎಂಬುದನ್ನು ನೀವು ಕಟ್ಟಿಕೊಳ್ಳಿ.

ಹಂತ 4: ಮಾತು ಸರಿಯಾಗಲಿ

ಬೆಂಗಳೂರಿನ ರಾಜ್ಯ ಲೋಡ್ ಡಿಸ್‌ಪ್ಯಾಚ್ ಕೇಂದ್ರದಲ್ಲಿ ಯಾರೂ 'ಗ್ರಿಡ್ ಸತ್ತುಹೋಯ್ತು!' ಎಂದು ಕಿರುಚುವುದಿಲ್ಲ. ಅನಾಹುತದ ಹೊತ್ತಿನಲ್ಲೂ ಮಾತು ಇಷ್ಟೇ ('ಬಸ್' ಎಂದರೆ ಸ್ಥಾವರದ ಯೂನಿಟ್, ಲೈನುಗಳೆಲ್ಲ ಬಂದು ಸೇರುವ ದಪ್ಪ ವಾಹಕ, 'ಡಿಜಿ' ಎಂದರೆ ಡೀಸೆಲ್ ಜನರೇಟರ್):

"ನಮಸ್ಕಾರ ಸರ್, ಶರಾವತಿಯಿಂದ."
"ಹೇಳಿ, ಬಸ್ ಹೇಗಿದೆ?"
"ಬಸ್ ಡೆಡ್ ಸರ್. ಯೂನಿಟ್ ಎಲ್ಲಾ ಟ್ರಿಪ್. ಡಿಸಿ ಇದೆ, ಡಿಜಿ ಓಡ್ತಿದೆ."
"ಲೈನ್ ಬ್ರೇಕರ್‌ಗಳು?"
"ಎಲ್ಲಾ ಓಪನ್ ಮಾಡ್ಸಿದೀನಿ. ಕೋಡ್ ಕೊಟ್ರೆ ಒಂದು ಯೂನಿಟ್ ತಗೋತೀವಿ."

ಪ್ರತಿ ಬ್ರೇಕರ್ ಹಾಕಲು ಕೋಡ್ ಸಂಖ್ಯೆ ಕೊಟ್ಟು, ಎರಡೂ ಕಡೆ ಸಮಯದೊಡನೆ ಬರೆದುಕೊಳ್ಳುತ್ತಾರೆ. ಮೊಬೈಲ್ ಸತ್ತಾಗ ಈ ಮಾತುಕತೆ ಹೇಗೆ ಎಂದರೆ, ಹೈ ಟೆನ್ಷನ್ ತಂತಿಯ ಮೇಲೇ ದನಿ ಸಾಗಿಸುವ ಪಿಎಲ್‌ಸಿಸಿ ಫೋನು ಹಳೆಯ ಸ್ಟೇಷನ್‌ಗಳಲ್ಲಿ ಸಿಗುತ್ತದೆ. ಅದೂ ನಡೆಯುವುದು ಅದೇ ಸ್ಟೇಷನ್ ಬ್ಯಾಟರಿಯಿಂದ.

ಕೆಳಗಿನ ಹಂತದಲ್ಲಿ ಪವರ್‌ಮ್ಯಾನ್‌ಗೆ ಮುಖ್ಯವಾದ್ದು ಎಲ್‌ಸಿ, ಅಂದರೆ ಲೈನ್ ಆಫ್ ಆಗಿದೆ ಎಂದು ಸಬ್‌ಸ್ಟೇಷನ್ ಕೊಡುವ 'ಲೈನ್ ಕ್ಲಿಯರ್'. 'ಎಲ್‌ಸಿ ತಗೊಂಡ್ಯೇನೋ?' ಎಂದು ಕೇಳದೆ ಜೆಇ ಕಂಬ ಹತ್ತಿಸುವುದಿಲ್ಲ. ಗ್ರಿಡ್ ಸತ್ತಿದೆಯೆಂದು ಎಲ್‌ಸಿ, ಅರ್ಥಿಂಗ್ ಬಿಟ್ಟು ಹತ್ತಿದವನಿಗೆ ಸಾವು ಬರುವುದು ಯಾರದ್ದೋ ಮನೆಯ ಜನರೇಟರಿನಿಂದ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಸಾಕೆಟ್ಟಿಗೇ ಜೋಡಿಸಿದ ಜನರೇಟರ್, ಟಿಸಿಯ ಮೂಲಕ ಹಿಮ್ಮುಖವಾಗಿ ಹೋಗಿ ಮೇಲೆ 11,000 ವೋಲ್ಟ್ ಆಗುತ್ತದೆ.

ಹಂತ 5: ಎಬ್ಬಿಸುವುದನ್ನು ಅರ್ಧ ಪುಸ್ತಕ ಮಾಡಿ

ಥರ್ಮಲ್ ಸ್ಥಾವರ ತಾನಾಗಿ ಏಳಲಾರದು. 210 ಮೆಗಾವ್ಯಾಟಿನ ಒಂದು ಯೂನಿಟ್ಟಿನ ಫ್ಯಾನು, ಮಿಲ್ಲು, ಪಂಪುಗಳಿಗೇ 15 ಮೆಗಾವ್ಯಾಟಿಗೂ ಹೆಚ್ಚು ಬೇಕು. ಆ ಮೊದಲ ಕರೆಂಟ್ ಬರುವುದು ನೀರಿನಿಂದ. ತಲಾ 103.5 ಮೆಗಾವ್ಯಾಟಿನ ಹತ್ತು ಯೂನಿಟ್ಟುಗಳ ಶರಾವತಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಕ್ರಮ ಇದು:

ಸ್ಥಾವರದ ಸಣ್ಣ ಡೀಸೆಲ್ ಜನರೇಟರ್ ಶುರು ಮಾಡಿ, ಗವರ್ನರಿಗೆ (ಟರ್ಬೈನಿಗೆ ಹೋಗುವ ನೀರನ್ನು ಹತೋಟಿಯಲ್ಲಿಡುವ ಸಾಧನಕ್ಕೆ) ಎಣ್ಣೆ ಒತ್ತಡ ತರುತ್ತಾರೆ. ನೀರು ಬಿಟ್ಟು ಯೂನಿಟ್ ತಿರುಗಿಸಿ, ಬ್ಯಾಟರಿಯಿಂದ ಫೀಲ್ಡಿಗೆ (ಜನರೇಟರಿನ ಕಾಂತ ಸುರುಳಿಗೆ) ಕ್ಷಣಕಾಲ ಡಿಸಿ ಕೊಟ್ಟರೆ ವೋಲ್ಟೇಜ್ ಹುಟ್ಟುತ್ತದೆ. ಖಾಲಿ ಬಸ್ಸಿಗೆ ಕೊಡುತ್ತಾರೆ. ಆಮೇಲೆ ಶಿವಮೊಗ್ಗ, ದಾವಣಗೆರೆಯ ದಿಕ್ಕಿಗೆ ಒಂದೊಂದೇ 220 ಕೆವಿ ಲೈನ್ ಚಾರ್ಜ್.

ಇಲ್ಲಿಂದ ತೊಡಕು. ಹೊರೆಯಿಲ್ಲದ ಉದ್ದ ಲೈನಿನ ಆಚೆ ತುದಿಯಲ್ಲಿ ವೋಲ್ಟೇಜ್ ಇಳಿಯುವ ಬದಲು ಏರುತ್ತದೆ. 400 ಕೆವಿ ಲೈನು ಕಿಲೋಮೀಟರಿಗೆ ಅರ್ಧ ಎಂವಿಎಆರ್‌ನಷ್ಟು ರಿಯಾಕ್ಟಿವ್ ಪವರ್ (ಕೆಲಸಕ್ಕೆ ಬಾರದೆ ವೋಲ್ಟೇಜನ್ನು ಏರಿಸುವ ವಿದ್ಯುತ್, ಎಂವಿಎಆರ್ ಅದರ ಅಳತೆ) ತಾನೇ ಹುಟ್ಟಿಸುತ್ತದೆ, 300 ಕಿ.ಮೀ. ಲೈನ್ ಹಾಕಿದರೆ ಶರಾವತಿಯ ಒಂದು ಯೂನಿಟ್ ಅದನ್ನು ನುಂಗಲಾರದು. ಅದಕ್ಕೇ 220ರಿಂದ ಆರಂಭ. ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಊರಿನ ಹೊರೆ ಕಟ್ಟಿಕೊಳ್ಳುತ್ತ ಸಾಗಬೇಕು. ಹೊರೆ ಹೆಚ್ಚಾದರೆ ಫ್ರೀಕ್ವೆನ್ಸಿ ಬೀಳುತ್ತದೆ, ಕಡಿಮೆಯಾದರೆ ವೋಲ್ಟೇಜ್ ಏರುತ್ತದೆ.

ನಡು ಪುಸ್ತಕದ ತಿರುವು ಇಲ್ಲೇ ಸಿಗುತ್ತದೆ. ಹತ್ತಾರು ಗಂಟೆ ಆರಿದ್ದ ಫೀಡರ್ ಹಾಕಿದಾಗ ಫ್ರಿಜ್, ಮೋಟಾರ್, ಗೀಸರ್, ಇನ್ವರ್ಟರ್ ಚಾರ್ಜಿಂಗ್ ಎಲ್ಲ ಒಟ್ಟಿಗೆ ಎಳೆಯುತ್ತವೆ. ದಿನವೂ 3 ಮೆಗಾವ್ಯಾಟ್ ತೆಗೆಯುತ್ತಿದ್ದ ಫೀಡರ್ ಆಗ ಎರಡು ಪಟ್ಟೂ ತೆಗೆಯಬಹುದು. ದೊಡ್ಡವರೊಬ್ಬರು 'ನಮ್ಮೂರಿಗೆ ಈಗಲೇ ಕೊಡಿ' ಎಂದು ಒತ್ತಡ ಹಾಕಿ ಲೆಕ್ಕ ಮೀರಿ ಎರಡು ಫೀಡರ್ ಹಾಕಿಸಿದರೆ ಸಾಕು. ಫ್ರೀಕ್ವೆನ್ಸಿ ಕುಸಿದು ಆರು ಗಂಟೆಯ ಕೆಲಸ ಆರು ಸೆಕೆಂಡಿನಲ್ಲಿ ಮುಗಿಯುತ್ತದೆ. ಎಲ್ಲ ಮತ್ತೆ ಡೀಸೆಲ್ ಜನರೇಟರಿನಿಂದ, ಈ ಸಲ ಇನ್ನಷ್ಟು ಬರಿದಾದ ಬ್ಯಾಟರಿಗಳೊಂದಿಗೆ.

ಕಾಲ ಆರಿಸುವಾಗಲೂ ಇದನ್ನೇ ನೋಡಿ. ಆಗಸ್ಟಿನಲ್ಲಿ ಲಿಂಗನಮಕ್ಕಿ 1,819 ಅಡಿಯ ಹತ್ತಿರವಿದ್ದರೆ ನೀರಿಗೆ ಚಿಂತೆಯಿಲ್ಲ. ಮಳೆ ಕೈಕೊಟ್ಟ ವರ್ಷದ ಮೇ ಕೊನೆ ನಿಮಗೆ ಒಳ್ಳೆಯದು, ಪಾತ್ರಗಳಿಗೆ ಕೆಟ್ಟದ್ದು.

ಹಂತ 6: ಹಸ್ತಪ್ರತಿಯಲ್ಲಿ ಹುಡುಕಿ ತೆಗೆಯಬೇಕಾದ ತಪ್ಪುಗಳು

ತಾರಸಿಯ ಸೋಲಾರ್ ಇರುವ ಮನೆ ಬೆಳಗುತ್ತಿರುತ್ತದೆ: ಬ್ಯಾಟರಿಯಿಲ್ಲದ, ಗ್ರಿಡ್ಡಿಗೆ ಜೋಡಿಸಿದ ಸೋಲಾರ್ ಇನ್ವರ್ಟರ್ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ, ಪವರ್‌ಮ್ಯಾನ್ ಸಾಯಬಾರದೆಂದೇ ಆ ಏರ್ಪಾಡು. 2,050 ಮೆಗಾವ್ಯಾಟಿನ ಪಾವಗಡ ಸೋಲಾರ್ ಪಾರ್ಕು ಉರಿಬಿಸಿಲಲ್ಲೂ ಸುಮ್ಮನೆ ನಿಂತಿರುತ್ತದೆ, ಹಿಡಿದು ನಡೆಯಲು ಬೇರೊಂದು ಗ್ರಿಡ್ ಬರುವ ತನಕ.

ಎಲ್ಲರೂ ಒಟ್ಟಿಗೆ ದೀಪ ಆರಿಸಿದ್ದಕ್ಕೆ ಗ್ರಿಡ್ ಬೀಳುತ್ತದೆ: 2020ರ ಏಪ್ರಿಲ್ 5ರ ರಾತ್ರಿ 9ಕ್ಕೆ ದೇಶದ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಇಳಿಯಿತು. ಜಲವಿದ್ಯುತ್ತನ್ನು ಇಳಿಸಿ ಏರಿಸಿ ಸಂಭಾಳಿಸಿದರು, ಏನೂ ಆಗಲಿಲ್ಲ. ಮುಂಚೆ ಗೊತ್ತಿರುವ ಬದಲಾವಣೆಗೆ ಗ್ರಿಡ್ ಬೀಳುವುದಿಲ್ಲ.

ಸೌರ ಚಂಡಮಾರುತಕ್ಕೆ ಕೈಯಲ್ಲಿದ್ದ ಮೊಬೈಲು ಸಿಡಿಯುತ್ತದೆ, ಕಾರು ನಿಲ್ಲುತ್ತದೆ: ಅದರ ಕರೆಂಟ್ ಹುಟ್ಟುವುದು ನೂರಾರು ಕಿಲೋಮೀಟರ್ ಉದ್ದದ ತಂತಿಗಳಲ್ಲಿ, ಅಂಗೈಯಗಲದ ವಸ್ತುವಿನಲ್ಲಲ್ಲ.

ಇದೆಲ್ಲ ಆದ ಮೇಲೆ ಹಸ್ತಪ್ರತಿಯನ್ನು ಇಬ್ಬರಿಗೆ ಓದಿಸಿ. ಸಬ್‌ಸ್ಟೇಷನ್ನಿನಲ್ಲಿ ಶಿಫ್ಟ್ ಮಾಡಿದ ಆಪರೇಟರಿಗೆ ಹಂತ 3 ಮತ್ತು 5ರ ಅಧ್ಯಾಯ ಕೊಟ್ಟು 'ಈ ಹೊತ್ತಿಗೆ ಡಿಸಿ ಉಳಿದಿರುತ್ತಾ?' ಎಂದು ಕೇಳಿ. ಕಂಬ ಹತ್ತುವ ಪವರ್‌ಮ್ಯಾನ್‌ಗೆ ಸಾವಿನ ದೃಶ್ಯ ಕೊಟ್ಟು 'ಡಿಸ್ಚಾರ್ಜ್ ರಾಡ್ (ಕೆಲಸಕ್ಕೆ ಮುಂಚೆ ಲೈನನ್ನು ನೆಲಕ್ಕೆ ಜೋಡಿಸುವ ಕೋಲು) ಎಲ್ಲಿತ್ತು?' ಎಂದು ಅವರೇ ಕೇಳುತ್ತಾರೋ ನೋಡಿ. ಕೇಳಿದರೆ ಆ ದೃಶ್ಯವನ್ನು ಮತ್ತೆ ಬರೆಯಿರಿ.